ಬಾನೆಟ್ಟಿನ ಮೇಲಿಟ್ಟ ಅಂಗೈ

ಹೋದ ತಿಂಗಳು ಟಿ. ನಗರದ ಒಂದು ಛತ್ರದಲ್ಲಿ ನಮ್ಮ ಕಡೆಯವರ ಮದುವೆಗೆ ಹೋಗಿದ್ದೆ. ಊಟದ ಪಂಕ್ತಿಯಲ್ಲಿ ಪಕ್ಕ ಕುಳಿತವರು ಹಳೆಯ ಮದ್ರಾಸಿನ ಮಾತು ತೆಗೆದರು. ಯಾವ ಹೋಟೆಲು ಎಲ್ಲಿತ್ತು, ಯಾರ ಸಾಂಬಾರು ಹೇಗಿತ್ತು ಎಂದು ಹೇಳುತ್ತಾ ಹೇಳುತ್ತಾ ರಾಯರ ವಿಷಯಕ್ಕೆ ಬಂದರು.

"ಡೀಸೆಲ್ ಕಾರು ನೋಡ್ತಿದ್ದ ರಾಯರು ಗೊತ್ತುಂಟಾ ನಿಮಗೆ? ಬಾನೆಟ್ ಮೇಲೆ ಕೈ ಇಟ್ಟು ಎಂಜಿನ್ನಿನ ಜಾತಕ ಹೇಳ್ತಿದ್ರಂತೆ. ನಮ್ಮ ಅಪ್ಪ ಹೇಳ್ತಿದ್ರು. ಕೊನೆಗೆ ಅವರ ಕೈಯೂ ತಪ್ಪಿತಂತಲ್ಲ, ಪಾಪ."

"ಗೊತ್ತುಂಟು" ಎಂದೆ. ಅಷ್ಟರಲ್ಲಿ ಪಾಯಸ ಬಂತು. ಬಡಿಸಿಕೊಂಡೆ.

ರಾಯರ ಕೈ ತಪ್ಪಿತು ಎಂಬ ಆ ಮಾತು ಬಾಯಿಂದ ಬಾಯಿಗೆ ದಾಟಿ, ಅವರನ್ನು ಕಣ್ಣಾರೆ ಕಾಣದವರ ತನಕ ಬಂದುಬಿಟ್ಟಿದೆ. ಅದು ಸುಳ್ಳು. ಸುಳ್ಳೆಂದು ತಿಳಿದವರಲ್ಲಿ ಬದುಕಿರುವವನು ನಾನೊಬ್ಬನೇ. ನನಗೂ ಎಂಬತ್ತರ ಮೇಲೆ ಆರೇಳು ಕಳೆದಿವೆ. ಎಸ್ಸೆಸ್ಸೆಲ್ಸಿ ಓದಿದವನು, ಕಾಗದ ಬಿಟ್ಟರೆ ಏನನ್ನೂ ಬರೆದವನಲ್ಲ. ಆದರೂ ಬರೆಯದಿದ್ದರೆ ಆ ಸುಳ್ಳು ನನ್ನ ನಂತರವೂ ಉಳಿಯುತ್ತದೆ.

ರಾಯರ ಹೆಸರು ಇಲ್ಲಿ ಹಾಕುವುದಿಲ್ಲ. ಎಲ್ಲರೂ ಅವರನ್ನು ರಾಯರು ಎಂದೇ ಕರೆಯುತ್ತಿದ್ದರು, ನನಗೂ ಅವರು ರಾಯರೇ. ಉಡುಪಿ ಕಡೆಯ ವೈದಿಕರ ಮನೆಯವರು. ಎತ್ತರದ ತೆಳ್ಳಗಿನ ಆಳು. ಕಚ್ಚೆ ಪಂಚೆ, ಮೇಲೆ ಖಾಕಿ ಅಂಗಿ, ಎರಡೂ ಕೆನ್ನೆಯ ಮೇಲೆ ಗೋಪಿಚಂದನದ ಮುದ್ರೆ, ಉಗುರಿನ ಸಂದಿಯಲ್ಲಿ ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಹೋಗದ ಎಂಜಿನ್ ಮಸಿ. ಊರಿನಿಂದ ಬಂದವರೆಲ್ಲ ಹೋಟೆಲು ಸೇರಿದರೆ ಇವರು ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿ ರಿಪೇರಿಯ ಶೆಡ್ಡು ಸೇರಿದ್ದರು. ಡೀಸೆಲ್ ಎಂಜಿನ್ ಬಿಚ್ಚುವುದು ಅಲ್ಲಿ ಕಲಿತ ವಿದ್ಯೆ. ನಾನು ಕಾಣುವಾಗ ಒಂದು ಬಸ್ ಕಂಪೆನಿಯಲ್ಲಿ ಹೆಡ್ ಮೆಕ್ಯಾನಿಕ್ ಆಗಿದ್ದರು. ಕೆಲಸ ಮಧ್ಯಾಹ್ನದಿಂದ. ಬೆಳಗಿನ ಹೊತ್ತು ಅವರದ್ದು.

ಆ ಹೊತ್ತನ್ನು ಅವರು ನಮ್ಮ ಜನರಿಗಾಗಿ ಇಟ್ಟಿದ್ದರು. ಆಗ ಮದ್ರಾಸಿನಲ್ಲಿ ಬಿಳಿಯರೂ ಜಮೀನ್ದಾರರೂ ಬಿಟ್ಟುಹೋದ ದೊಡ್ಡ ದೊಡ್ಡ ಸಲೂನ್ ಕಾರುಗಳು ಬೇಕಾದಷ್ಟಿದ್ದವು. ಅವಕ್ಕೆ ಪೆಟ್ರೋಲು ಹಾಕಿ ಪೂರೈಸುವುದು ಯಾರಿಂದ ಸಾಧ್ಯ? ಪೆಟ್ರೋಲ್ ಎಂಜಿನ್ ಕಿತ್ತು ಡೀಸೆಲ್ ಎಂಜಿನ್ ಕೂರಿಸಿ, ಟ್ಯಾಕ್ಸಿಗೂ ಟೂರಿಗೂ ಓಡಿಸುವವರಿಗೆ ಮಾರುತ್ತಿದ್ದರು. ಅಂಥ ಕಾರು ಕೊಳ್ಳಬೇಕೆಂದರೆ ಹೋಟೆಲಿನ ನಮ್ಮವರು ಮೊದಲು ರಾಯರ ಮನೆಗೆ ಹೋಗುತ್ತಿದ್ದರು. ರಾಯರು ಬಂದು ನೋಡಿ "ತೆಗೊಳ್ಳಿ" ಎಂದರೆ ತೆಗೆದುಕೊಂಡರು, "ಬೇಡ" ಎಂದರೆ ಬಿಟ್ಟರು. ಅದಕ್ಕೆ ಅವರು ದುಡ್ಡು ಮುಟ್ಟುತ್ತಿರಲಿಲ್ಲ. ಒಂದು ಲೋಟ ಕಾಫಿ, ಅದೂ ಕಾರು ನೋಡಿ ಮಾತು ಹೇಳಿ ಆದ ಮೇಲೆ. "ಮೊದಲೇ ಕುಡಿದರೆ ನಾಲಿಗೆ ಮೆತ್ತಗಾಗ್ತದೆ" ಎನ್ನುವರು.

ನಾನಿದ್ದದ್ದು ಎದುರು ಪಕ್ಷದಲ್ಲಿ. ನುಂಗಂಬಾಕ್ಕಂನ ಒಂದು ಹಳೆಯ ಬಂಗಲೆಯ ಕಾಂಪೌಂಡಿನಲ್ಲಿ ನನ್ನ ಯಜಮಾನರ ಸೆಕೆಂಡ್ ಹ್ಯಾಂಡ್ ಕಾರಿನ ವ್ಯಾಪಾರ. ಬೇವಿನ ಮರಗಳ ಕೆಳಗೆ ಹತ್ತು ಹನ್ನೆರಡು ಕಾರು. ತೊಳೆಯುವುದು, ಒರೆಸುವುದು, ಬಂದವರಿಗೆ ತೋರಿಸಿ ಹೊಗಳುವುದು ನನ್ನ ಕೆಲಸ. ಭಾವನ ಹೋಟೆಲಿನಲ್ಲಿ ಲೋಟ ತೊಳೆಯಲಾರೆ ಎಂದು ಜಗಳವಾಡಿ ಬಂದು ಸೇರಿದ್ದೆ. ಲೋಟದ ಬದಲು ಕಾರು ತೊಳೆಯುತ್ತಿದ್ದೆ, ಅಷ್ಟೇ ವ್ಯತ್ಯಾಸ.

ರಾಯರನ್ನು ಮೊದಲ ಸಲ ನೋಡಿದ್ದು ಅಲ್ಲೇ. ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಗೇಟು ತೆರೆಯುವ ಮೊದಲೇ ಬಂದು ನಿಂತಿದ್ದರು, ಜೊತೆಯಲ್ಲಿ ಮಾಂಬಲದ ಒಬ್ಬ ಹೋಟೆಲ್ ಮಾಲೀಕರು. ಹಿಂದಿನ ದಿನ ನೋಡಿಟ್ಟ ಕಾರಿನ ಹತ್ತಿರ ಹೋದವರೇ ಬಾನೆಟ್ಟಿನ ಮೇಲೆ ಬಲ ಅಂಗೈ ಇಟ್ಟರು. ಮಗುವಿನ ಜ್ವರ ನೋಡುವ ಹಾಗೆ. ಎರಡು ನಿಮಿಷ ಇಟ್ಟುಕೊಂಡೇ ನಿಂತರು. ಆಮೇಲೆ ತೆಗೆದು ನನ್ನ ಯಜಮಾನರ ಕಡೆ ತಿರುಗಿ ತಮಿಳಿನಲ್ಲಿ ಏನೋ ಹೇಳಿದರು. ಯಜಮಾನರ ಮುಖ ಸಣ್ಣದಾಯಿತು. ಅದೇ ಮಾತನ್ನು ನನಗೆ ಕನ್ನಡದಲ್ಲಿ ಹೇಳಿದರು:

"ಹೆಣ್ಣು ನೋಡ್ಲಿಕ್ಕೆ ಬರ್ತಾರೆ ಅಂತ ಮುಖ ತೊಳೆಸಿ ಪೌಡರ್ ಹಾಕಿ ಕೂರಿಸಿದ್ದೀರಿ. ನನಗೆ ನಿದ್ದೆಯಿಂದ ಎದ್ದ ಮುಖ ನೋಡ್ಬೇಕಿತ್ತು ಮಾರಾಯ."

ಹೇಳಿ ಹೊರಟೇಬಿಟ್ಟರು. ಯಜಮಾನರು ಅರ್ಧ ಗಂಟೆ ಮೊದಲೇ ಎಂಜಿನ್ ಓಡಿಸಿ ಬೆಚ್ಚಗೆ ಮಾಡಿಟ್ಟಿದ್ದರು.

ಇದು ಅವರ ಮೊದಲ ಪರೀಕ್ಷೆ. ಇದರಲ್ಲಿ ಪಾಸಾಗದ ಕಾರಿನ ಬಾಗಿಲನ್ನೂ ಅವರು ತೆರೆಯುತ್ತಿರಲಿಲ್ಲ. ಕಾರಣವನ್ನು ಆಮೇಲೆ ಅವರೇ ನನಗೆ ಬಿಡಿಸಿ ಹೇಳಿದ್ದರು. ಪೆಟ್ರೋಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸಿ ಬೆಂಕಿ ಹೊತ್ತಿಸುವ ಪ್ಲಗ್ಗು ಇರುತ್ತದೆ. ಡೀಸೆಲ್ಲಿಗೆ ಕಿಡಿ ಇಲ್ಲ. ಪಿಸ್ಟನ್ನು ಗಾಳಿಯನ್ನು ಅದುಮಿ ಅದುಮಿ ಕಾಯಿಸಿದರೇ ಅದು ಹೊತ್ತಿಕೊಳ್ಳುವುದು. ಸಿಲಿಂಡರು ಸವೆದು ಹೋಗಿದ್ದರೆ ಗಾಳಿ ಸೋರುತ್ತದೆ, ತಣ್ಣಗಿರುವಾಗ ಎಂಜಿನ್ ಏಳುವುದಿಲ್ಲ. ಒಮ್ಮೆ ಎದ್ದು ಬಿಸಿಯಾದ ಮೇಲೆ ಎಂಥ ಹಳೆಯ ಎಂಜಿನ್ನೂ ಒಂದೇ ತಿರುವಿಗೆ ಏಳುತ್ತದೆ. "ಡೀಸೆಲ್ ದಿನಕ್ಕೆ ಒಂದೇ ಸಲ ಸತ್ಯ ಹೇಳುದು. ಬೆಳಿಗ್ಗೆ ಏಳುವಾಗ. ಮತ್ತೆ ಇಡೀ ದಿನ ಸುಳ್ಳು."

ಬಾನೆಟ್ ತಣ್ಣಗಿದ್ದರೆ ಉಳಿದದ್ದು ಶುರು. ಸ್ಟಾರ್ಟ್ ಮಾಡಿಸಿ ತಾವು ಹಿಂದೆ ಹೋಗಿ ಹೊಗೆ ಕೊಳವೆಯ ಎದುರು ಬಿಳಿ ಕರವಸ್ತ್ರ ಹಿಡಿದು ಕೂರುವರು. ಬಿಳಿ ಹೊಗೆ ಸ್ವಲ್ಪ ಹೊತ್ತಿಗೆ ಹೋದರೆ ಸರಿ, ಹೋಗದಿದ್ದರೆ ಎಂಜಿನ್ನಿಗೆ ದಮ್ಮಿಲ್ಲ. ನೀಲಿ ಹೊಗೆಯಾದರೆ ಆಯಿಲ್ ಕುಡಿಯುತ್ತಿದೆ. ಆಮೇಲೆ ಎಂಜಿನ್ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತೆಗೆದು ಅದರ ಬಾಯಿಗೆ ಅಂಗೈ ಹಿಡಿಯುವರು. ಅಲ್ಲಿಂದ ಬುಸುಬುಸು ಗಾಳಿ ಬಂದರೆ "ದಮ್ಮಿನ ರೋಗ" ಎನ್ನುವರು. ಹೊಸಬರು ಆಯಿಲ್ ಕಡ್ಡಿ ಎಳೆದು "ಅಯ್ಯೋ, ಕಪ್ಪಾಗಿದೆ" ಎಂದರೆ ನಗುವರು. "ಡೀಸೆಲ್ಲಿನ ಆಯಿಲ್ ಮರುದಿನವೇ ಕಪ್ಪಾಗ್ತದೆ. ಬಣ್ಣ ನೋಡ್ಬೇಡಿ, ಬೆರಳಲ್ಲಿ ತಿಕ್ಕಿ, ಮೂಸಿ."

ಮೀಟರಿನ ಮೈಲಿಯನ್ನು ಅವರು ಓದುತ್ತಲೇ ಇರಲಿಲ್ಲ. ಕ್ಲಚ್ ಪೆಡಲಿನ ರಬ್ಬರು ಎಷ್ಟು ಸವೆದಿದೆ ಎಂದು ನೋಡುವರು. ಪೆಟ್ರೋಲ್ ಎಂಜಿನ್ನಿಗೆಂದು ಮಾಡಿದ ಕಾರಿಗೆ ಭಾರದ ಡೀಸೆಲ್ ಕೂರಿಸಿದ್ದರಿಂದ ಮೂತಿ ಕುಸಿದಿದೆಯೇ ಎಂದು ದೂರ ನಿಂತು ಕಣ್ಣು ಕಿರಿದು ಮಾಡಿ ನೋಡುವರು. ಪಂಚೆ ಎತ್ತಿ ಕಟ್ಟಿ, ಗೋಣಿ ಹಾಸಿ ಕೆಳಗೆ ಮಲಗಿ, ಎಂಜಿನ್ ಕೂರಿಸಿದ ಕಡೆ ಚಾಸಿಸ್ಸು ಬಿರಿದಿದೆಯೇ ಎಂದು ಟಾರ್ಚು ಬಿಡುವರು. ಎಂಜಿನ್ನಿನ ಮೇಲಿನ ನಂಬರೂ ಆರ್.ಸಿ. ಪುಸ್ತಕದ ನಂಬರೂ ಒಂದೇ ಇರಬೇಕು. ಎಲ್ಲ ಮುಗಿದ ಮೇಲೆ ಹಿಂದಿನ ಸೀಟಿನಲ್ಲಿ ಕುಳಿತು, "ಹೋಗುವ" ಎಂದು ಕಣ್ಣು ಮುಚ್ಚುವರು. ರೈಲ್ವೆ ಗೇಟು ದಾಟಿಸಿ ತರಬೇಕು. ಅಷ್ಟೂ ದೂರ ಕಣ್ಣು ಬಿಡುತ್ತಿರಲಿಲ್ಲ.

"ನಿದ್ದೆಯಾ ರಾಯರೇ?" ಎಂದು ಒಮ್ಮೆ ಕೇಳಿದ್ದೆ.

"ಬಾಡಿಗೆ ಕೊಡುವವ ಕೂರುದು ಹಿಂದೆ ಅಲ್ವಾ? ಅವನಿಗೆ ಎಂತ ಕೇಳ್ತದೆ ಅಂತ ನೋಡ್ತಿದ್ದೇನೆ. ನೀನು ಸುಮ್ಮನೆ ಓಡಿಸು, ನಿನ್ನ ಗಾಡಿಗಿಂತ ನೀನೇ ಜಾಸ್ತಿ ಶಬ್ದ ಮಾಡ್ತಿ."

ಹೀಗೆ ಬೈದವರೇ, ನಾನು ಊರ ಕಡೆಯ ಹುಡುಗ, ಒಂಟಿ ಇದ್ದೇನೆ, ಮೆಸ್ಸಿನಲ್ಲಿ ತಿನ್ನುತ್ತೇನೆ ಎಂದು ತಿಳಿದು ಮನೆಗೆ ಕರೆದರು. ಟಿ. ನಗರದ ಹಿಂದಿನ ಒಂದು ಓಣಿಯಲ್ಲಿ ಬಾಡಿಗೆ ಮನೆ. ಹೆಂಡತಿ, ಒಬ್ಬಳು ಮಗಳು. ಮಗಳು ಅಪ್ಪ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು. ರಾಯರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ.

ಅವರ ಮನೆಯಲ್ಲಿ ಏಕಾದಶಿ ಎಂದರೆ ನೀರೂ ಇಲ್ಲದ ಉಪವಾಸ. ರಾಯರು ಅಂದೂ ಬಸ್ಸಿನ ಅಡಿ ಮಲಗಿ ಕೆಲಸ ಮಾಡಿಯೇ ಬರುತ್ತಿದ್ದರು. ಮರುದಿನ ದ್ವಾದಶಿ ಪಾರಣೆ. ಬೆಳಗ್ಗೆ ಬೇಗ ಎದ್ದು ಪೂಜೆ ಮುಗಿಸಿ ತೀರ್ಥ ತೆಗೆದುಕೊಂಡು, ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿಯ ತಂಬುಳಿ, ಹೆಸರುಬೇಳೆ ಹಾಕಿದ ಊಟ. ಹೊತ್ತು ಮೀರಬಾರದು. ಆದ್ದರಿಂದ ದ್ವಾದಶಿಯ ದಿನ ಮಾತ್ರ ರಾಯರು ಯಾರ ಕಾರನ್ನೂ ನೋಡುತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ನನಗೂ ಅಲ್ಲೊಂದು ಎಲೆ. ನಾನು ಏಕಾದಶಿ ಮಾಡುತ್ತಿರಲಿಲ್ಲ, ಹಿಂದಿನ ರಾತ್ರಿ ಮೆಸ್ಸಿನಲ್ಲಿ ಪರೋಟ ತಿಂದಿರುತ್ತಿದ್ದೆ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಉಪವಾಸ ಮಾಡಿದವನ ಹಾಗೆ ಮುಖ ಮಾಡಿಕೊಂಡು ಉಂಡೆ. ಸುಳ್ಳಿನ ಅಭ್ಯಾಸ ಅಲ್ಲಿಂದಲೇ ಆಗಿತ್ತೆಂದು ಈಗ ಅನಿಸುತ್ತದೆ.

ಶೀನ ಭಟ್ಟರು ಎಗ್ಮೋರ್ ಸ್ಟೇಷನ್ನಿನ ಹತ್ತಿರದ ಒಂದು ಹೋಟೆಲಿನಲ್ಲಿ ದೋಸೆ ಹಾಕುತ್ತಿದ್ದರು. ಇಪ್ಪತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದು ಎದೆ ಕೆಟ್ಟಿತ್ತು. ಒಲೆ ಬಿಡದಿದ್ದರೆ ಹೆಚ್ಚು ವರ್ಷವಿಲ್ಲ ಎಂದು ಡಾಕ್ಟರು ಹೇಳಿದರು. ರಾಯರೇ ಅವರಿಗೆ ಡ್ರೈವಿಂಗ್ ಕಲಿಸಿ, ಲೈಸೆನ್ಸು ಮಾಡಿಸಿ, ಒಂದು ಡೀಸೆಲ್ ಕಾರು ಕೊಂಡು ಸ್ಟೇಷನ್ನಿನ ಎದುರು ಟ್ಯಾಕ್ಸಿ ಇಡಲು ಹೇಳಿದ್ದರು.

"ಇಷ್ಟು ವರ್ಷ ಹೊಗೆ ನಿನ್ನ ಮುಂದೆ ಇತ್ತು ಶೀನ, ಇನ್ನು ಹಿಂದೆ ಇರ್ತದೆ. ತಿರುಗಿ ನೋಡ್ಬೇಡ ಮತ್ತೆ."

"ನೀವು ನೋಡಿ ಹೇಳಿದ್ದನ್ನು ತೆಗೊಳ್ತೇನೆ ರಾಯರೇ. ಇನ್ನೊಂದು ತೆಗೊಳ್ಳುವಷ್ಟು ಈ ಜನ್ಮದಲ್ಲಿ ಇಲ್ಲ" ಎಂದು ಭಟ್ಟರು ಕೆಮ್ಮುತ್ತಾ ನಕ್ಕದ್ದು ನನಗೆ ನೆನಪಿದೆ. ಅವರು ಹಾಗೆ ಹೇಳಿದ್ದು ನನ್ನೆದುರಿಗೇ, ನಮ್ಮ ಕಾಂಪೌಂಡಿನಲ್ಲೇ.

ನಮ್ಮಲ್ಲಿ ಒಂದು ಹಸಿರು ಕಾರು ಮೂರು ತಿಂಗಳಿನಿಂದ ನಿಂತಿತ್ತು. ನೋಡಲು ರಾಜಠೀವಿ. ಎಂಜಿನ್ ಮಾತ್ರ ಸತ್ತಂಥದ್ದು. ಬೆಳಗ್ಗೆ ಅದನ್ನು ಏಳಿಸಲು ಇಬ್ಬರು ತಳ್ಳಬೇಕಿತ್ತು. ಭಟ್ಟರಿಗೆ ಅದೇ ಕಣ್ಣಿಗೆ ಹಿಡಿಸಿತು.

ಯಜಮಾನರು ನನ್ನನ್ನು ಕರೆದರು. "ಏನಪ್ಪಾ ಉಡುಪಿ, ನಿಮ್ಮ ರಾಯರ ಕೈ ದೊಡ್ಡ ಕೈ. ಆ ಕೈ ದಾಟಿಸಿ ಕಾರು ಮಾರುವ ಗಂಡು ಈ ಮದ್ರಾಸಲ್ಲಿ ಹುಟ್ಟಿಲ್ಲ ಅಂತ ಬ್ರೋಕರುಗಳೆಲ್ಲ ಪಂದ್ಯ ಕಟ್ಟುತ್ತಾರೆ. ನಿನ್ನಿಂದಲೂ ಆಗಲಿಕ್ಕಿಲ್ಲ ಬಿಡು." ತಮಿಳಿನಲ್ಲಿ ಹೀಗೆ ಹೇಳಿ ನಕ್ಕರು. ಕೆಲಸದಿಂದ ತೆಗೆಯುತ್ತೇನೆಂದು ಹೆದರಿಸಲಿಲ್ಲ. ಹೆದರಿಸಿದ್ದರೆ ಇವತ್ತು ಹೇಳಿಕೊಳ್ಳಲು ಒಂದು ನೆಪವಾದರೂ ಇರುತ್ತಿತ್ತು. ನನಗೆ ಬಂದದ್ದು ಬರೀ ಹಠ. ಲೋಟ ತೊಳೆಯುವವನೆಂದು ನಕ್ಕವರ ಎದುರು ರಾಯರ ಕೈಯನ್ನು ಸೋಲಿಸಿ ತೋರಿಸಬೇಕೆಂಬ ಹಠ.

ಉಪಾಯ ನನಗೆ ಹೊಳೆದದ್ದು ಅವರ ಮನೆಯ ಊಟದಿಂದಲೇ. ಉಳಿದ ದಿನ ಅವರು ಬೆಳಕು ಹರಿಯುವ ಮೊದಲು ಬರುತ್ತಾರೆ, ಆಗ ಬಾನೆಟ್ ಬಿಸಿಯಿದ್ದರೆ ಅದು ಎಂಜಿನ್ನಿನ ಬಿಸಿಯೇ. ದ್ವಾದಶಿಯ ದಿನ ಪಾರಣೆ ಮುಗಿಸದೆ ಹೊರಡಲಾರರು. ಅಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಬಿಸಿಲು ಬಂದ ಮೇಲೆ ಯಾವ ಕಾರಿನ ಬಾನೆಟ್ಟೂ ಬಿಸಿಯೇ.

ಏಕಾದಶಿಯ ರಾತ್ರಿ ಅವರ ಮನೆಗೆ ಹೋಗಿ ಹೇಳಿದೆ: ಹಸಿರು ಕಾರಿಗೆ ಬೇರೆ ಗಿರಾಕಿ ಬಂದಿದ್ದಾರೆ, ನಾಳೆ ಹತ್ತು ಗಂಟೆಗೆ ಮುಗಿಸಿಕೊಳ್ಳುತ್ತಾರೆ, ಶೀನ ಭಟ್ಟರಿಗೆ ಕೈತಪ್ಪಿಹೋಗುತ್ತದೆ.

"ನಾಳೆ ದ್ವಾದಶಿ ಮಾರಾಯ."

"ಪಾರಣೆ ಮುಗಿಸಿಯೇ ಬನ್ನಿ ರಾಯರೇ. ಭಟ್ಟರು ಪಾಪ, ಆಸೆ ಮಾಡಿಕೊಂಡಿದ್ದಾರೆ."

ಉಪವಾಸದ ನಿತ್ರಾಣದಲ್ಲಿ ಗೋಡೆಗೆ ಒರಗಿದ್ದರು. "ಶೀನನಿಗಾಗಿ ಬರ್ತೇನೆ. ನೀನು ಬೆಳಿಗ್ಗೆ ಊಟಕ್ಕೆ ಬಾ, ಒಟ್ಟಿಗೆ ಹೋಗುವ" ಎಂದರು.

ಹಸಿರು ಕಾರನ್ನು ಸಂಜೆಯೇ ಬೇವಿನ ನೆರಳಿನಿಂದ ಪೂರ್ವದ ಬಯಲಿಗೆ ತಳ್ಳಿಸಿದ್ದೆ. ಬೆಳಗ್ಗೆ ವಾಚ್‌ಮನ್ನನ ಜೊತೆ ತಳ್ಳಿ, ಸ್ಟಾರ್ಟ್ ಮಾಡಿ, ಚೆನ್ನಾಗಿ ಓಡಿಸಿ ಕಾಯಿಸಿದೆ. ಆರಿಸಿ, ಕೈ ತೊಳೆದು, ಸೈಕಲ್ ಹತ್ತಿ ಪಾರಣೆಗೆ ಹೋದೆ. ತೀರ್ಥ ತೆಗೆದುಕೊಂಡೆ. ಎಲೆಯ ಮುಂದೆ ಕುಳಿತೆ. ಅಕ್ಕ ಅಗಸೆ ಸೊಪ್ಪು ಎರಡನೆಯ ಸಲ ಬಡಿಸಿದರು.

"ಗಾಡಿ ನಿನ್ನೆಯಿಂದ ತಣ್ಣಗೆ ಉಂಟಲ್ಲಾ?" ರಾಯರು ಕೇಳಿದರು.

"ಉಂಟು" ಎಂದೆ. ಬಾಯಿ ತುಂಬ ಅನ್ನವಿತ್ತು.

ಸೈಕಲ್ ಅಲ್ಲೇ ಬಿಟ್ಟು ನಾವು ಬಸ್ಸಿನಲ್ಲಿ ಬಂದು ಇಳಿಯುವಾಗ ಶೀನ ಭಟ್ಟರು ಹೊಸ ಪಂಚೆ ಉಟ್ಟು ಕಾಯುತ್ತಿದ್ದರು. ಕಾರು ಬಿಸಿಲಿನಲ್ಲಿ ಹೊಳೆಯುತ್ತಿತ್ತು. ರಾಯರು ಅಂಗೈ ಇಟ್ಟರು. ತೆಗೆದು ಬಾನೆಟ್ ಎತ್ತಿಸಿದರು. ಒಳಗೆ ಎಂಜಿನ್ನಿನ ಕಬ್ಬಿಣದ ಮೇಲೆ ಅಂಗೈ ಇಟ್ಟರು. ತಗಡು ಬಿಸಿಲಿಗೆ ಬೇಗ ಕಾಯುತ್ತದೆ, ಎರಕದ ಕಬ್ಬಿಣ ಅಷ್ಟು ಬೇಗ ಕಾಯುವುದಿಲ್ಲ. ಅದು ನನಗೂ ಗೊತ್ತಿತ್ತು. ಅವರಿಗಂತೂ ನನಗಿಂತ ಚೆನ್ನಾಗಿ ಗೊತ್ತಿತ್ತು. ಕೈ ಅಲ್ಲೇ ಇಟ್ಟುಕೊಂಡು ನನ್ನ ಮುಖ ನೋಡಿದರು.

"ಇದು ಬಿಸಿಲಿನ ಬಿಸಿಯಾ, ಎಂಜಿನ್ನಿನ ಬಿಸಿಯಾ?"

"ಬಿಸಿಲಿನದ್ದು ರಾಯರೇ."

ಇನ್ನೂ ಸ್ವಲ್ಪ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ತೆಗೆದು, ಕರವಸ್ತ್ರದಿಂದ ಒರೆಸಿಕೊಂಡರು. "ಹಾಗಾದರೆ ಸ್ಟಾರ್ಟ್ ಮಾಡು."

ಒಂದೇ ತಿರುವಿಗೆ ಎದ್ದಿತು. ಹೊಗೆ ಸ್ವಲ್ಪ ನೀಲಿ ಇತ್ತು, ಬಹಳ ದಿನ ನಿಂತ ಗಾಡಿ ಅಲ್ಲವೇ ಎಂದೆ. ಆಯಿಲಿನ ಬಾಯಿಯಲ್ಲಿ ಗಾಳಿ ಇತ್ತು. "ಸ್ವಲ್ಪ ದಮ್ಮಿನ ರೋಗ ಉಂಟು. ಆದ್ರೆ ತಣ್ಣಗಿನಲ್ಲಿ ಹೀಗೆ ಏಳ್ತದೆ ಅಂದ್ರೆ ನಾಲ್ಕು ವರ್ಷ ಓಡ್ತದೆ" ಎಂದು ಭಟ್ಟರಿಗೆ ಹೇಳಿದರು. ಭಟ್ಟರು ಅಲ್ಲೇ ರಾಯರ ಕಾಲು ಮುಟ್ಟಿದರು. ಯಜಮಾನರು ತಾವೇ ಕಾಫಿ ತರಿಸಿದರು. ಸಂಜೆ ಎಲ್ಲ ಬ್ರೋಕರುಗಳ ಎದುರು ನನ್ನ ಬೆನ್ನು ತಟ್ಟಿ ಕಾಂಪೌಂಡಿನ ಬೀಗದ ಕೈಗೊಂಚಲು ಕೊಟ್ಟರು. ನಾಚಿಕೆ ಎನಿಸಲಿಲ್ಲ. ಆ ದಿನ ನನಗೆ ಬಹಳ ಖುಷಿಯಾಗಿತ್ತು. ಇದನ್ನು ಬರೆಯುವುದೇ ಎಲ್ಲಕ್ಕಿಂತ ಕಷ್ಟವಾಗುತ್ತಿದೆ.

ಕಾರು ಐದು ವಾರ ಓಡಿತು. ದಿನಾ ಬೆಳಗ್ಗೆ ಭಟ್ಟರು ಸ್ಟೇಷನ್ನಿನ ಪೋರ್ಟರುಗಳನ್ನು ಕರೆದು ತಳ್ಳಿಸುತ್ತಿದ್ದರಂತೆ, ತಾವೂ ಕೆಮ್ಮುತ್ತಾ ತಳ್ಳುತ್ತಿದ್ದರಂತೆ. ರಾಯರಿಗೆ ಬೇಸರವಾದೀತೆಂದು ಅವರಿಗೆ ಹೇಳಲೇ ಇಲ್ಲ. ಕೊನೆಗೆ ತಿರುಪತಿಗೆ ಹೊರಟ ಒಂದು ಕುಟುಂಬವನ್ನು ಅರ್ಧ ದಾರಿಯಲ್ಲಿ ಇಳಿಸಿ, ಕಾರನ್ನು ಲಾರಿಗೆ ಕಟ್ಟಿ ಎಳೆಸಿಕೊಂಡು ಬಂದರು. ಆಗ ರಾಯರಿಗೆ ತಿಳಿಯಿತು.

ಭಟ್ಟರ ಮನೆಯ ಓಣಿಯಲ್ಲೇ ರಾಯರು ಎಂಜಿನ್ ಬಿಚ್ಚಲು ಕುಳಿತರು. ಮೂರು ಭಾನುವಾರ. ಎರಡನೆಯ ಭಾನುವಾರ ನನಗೂ ಬರಲು ಹೇಳಿಕಳಿಸಿದರು. ಹೋದೆ. ಹೋಗದಿದ್ದರೆ ಅನುಮಾನ ಬರುತ್ತದೆಂದು ಹೋದೆ. ಎಂಜಿನ್ನಿನ ಮೇಲ್ಭಾಗವನ್ನು, ಮೆಕ್ಯಾನಿಕ್ಕುಗಳು ತಲೆ ಎನ್ನುವುದನ್ನು, ಬಿಚ್ಚಿ ಗೋಣಿಯ ಮೇಲೆ ಇಟ್ಟಿದ್ದರು. ನಾಲ್ಕು ಸಿಲಿಂಡರುಗಳ ಬಾಯಿ ತೆರೆದುಕೊಂಡಿತ್ತು.

"ಬಾ ಇಲ್ಲಿ" ಎಂದು ನನ್ನ ಕೈ ಹಿಡಿದರು. ತೋರುಬೆರಳನ್ನು ಸಿಲಿಂಡರಿನ ಒಳಗೋಡೆಗೆ ಇಟ್ಟು ಕೆಳಗಿನಿಂದ ಮೇಲಕ್ಕೆ ಎಳೆದರು. ಮೇಲೆ ಒಂದು ಅಂಚಿಗೆ ಉಗುರು ತಗಲಿ ನಿಂತಿತು. "ಉಗುರು ನಿಲ್ತದೆ ಅಲ್ವಾ? ಇಷ್ಟು ಸವೆದಿದೆ. ಇಷ್ಟು ಸವೆದ ಎಂಜಿನ್ ತಣ್ಣಗಿನಲ್ಲಿ ಒಂದೇ ತಿರುವಿಗೆ ಏಳುದಿಲ್ಲ."

ನನ್ನ ಬೆರಳು ಅವರ ಕೈಯಲ್ಲೇ ಇತ್ತು. ಅಷ್ಟರಲ್ಲಿ ಭಟ್ಟರು ಒಳಗಿನಿಂದ ಮಜ್ಜಿಗೆ ತಂದರು.

"ಎಂತ ಆಯ್ತು ರಾಯರೇ? ಮೋಸ ಆಯ್ತಾ?"

ರಾಯರು ನನ್ನ ಬೆರಳು ಬಿಟ್ಟರು. ಒಂದು ಕ್ಷಣ ಕಾದರು. ಅವರು ಕಾದದ್ದು ನನಗಾಗಿ ಎಂದು ಆಗಲೇ ತಿಳಿದಿತ್ತು. ನಾನು ಸಿಲಿಂಡರನ್ನೇ ನೋಡುತ್ತಾ ನಿಂತೆ.

"ಮೋಸ ಎಂತದ್ದೂ ಇಲ್ಲ" ಎಂದರು. "ನನ್ನ ಕೈ ತಪ್ಪಿತು ಶೀನ. ವಯಸ್ಸಾಯ್ತು. ನನ್ನನ್ನು ಮನ್ನಿಸಬೇಕು ನೀನು." ಹಾಗೆಂದು ಅವರಿಗಿಂತ ಚಿಕ್ಕವರಾದ ಭಟ್ಟರಿಗೆ ಮಸಿ ಕೈ ಜೋಡಿಸಿದರು.

ಎಷ್ಟು ಒದ್ದಾಡಿದರೂ ಆ ಎಂಜಿನ್ ಉಳಿಯಲಿಲ್ಲ. ಕಾರನ್ನು ಗುಜರಿಗೆ ಕೊಟ್ಟು ಭಟ್ಟರು ಅದೇ ಒಲೆಯ ಮುಂದೆ ಹೋಗಿ ನಿಂತರು. ರಾಯರು ಮತ್ತೆ ಯಾರ ಕಾರನ್ನೂ ನೋಡಲಿಲ್ಲ. ಯಾರಾದರೂ ಮನೆಗೆ ಬಂದರೆ, "ಕೈ ತಪ್ಪಿದವ ನಾನು. ಬೇರೆಯವರನ್ನು ಕರ್ಕೊಂಡು ಹೋಗಿ" ಎನ್ನುತ್ತಿದ್ದರು. ಹೋಟೆಲುಗಳಲ್ಲಿ ಸುದ್ದಿ ಹಬ್ಬಿತು. ಹಿಂದಿನಿಂದ ನಗುವವರು ನಕ್ಕರು. "ಅಂಗೈ ಶಾಸ್ತ್ರ ಮುಗಿಯಿತು" ಎಂದು ನಮ್ಮ ಕಾಂಪೌಂಡಿನಲ್ಲಿ ಆಡಿಕೊಂಡಾಗ ನಾನೂ ನಕ್ಕೆ.

ಅದರ ನಂತರದ ಏಕಾದಶಿಗೆ ರಾಯರು ಎಂದಿನಂತೆ ಹೇಳಿಕಳಿಸಿದರು: ನಾಳೆ ಪಾರಣೆಗೆ ಬಾ. ಹೋದೆ. ಏನಾದರೂ ಕೇಳುತ್ತಾರೆಂದು ಕಾದೆ. ಅವರು ಹೆಂಡತಿಗೆ, "ಇವನಿಗೆ ಇನ್ನು ಸ್ವಲ್ಪ ಬಡಿಸು, ಇಳಿದಿದ್ದಾನೆ" ಎಂದರು, ಅಷ್ಟೇ. ಉಂಡು ಬಂದೆ. ಮತ್ತೆ ಹೋಗಲಿಲ್ಲ. ಒಂದೊಂದು ಸಲ ಒಂದೊಂದು ನೆವ. ಮದುವೆಯಾಯಿತು, ಸ್ವಂತ ವ್ಯಾಪಾರ ಮಾಡಿದೆ, ನಾಲ್ಕು ಜನರಿಗೆ ಬೇಕಾದವನಾದೆ.

ಏಳೆಂಟು ವರ್ಷ ಕಳೆದ ಮೇಲೆ ರಾಯರಿಗೆ ಹುಷಾರಿಲ್ಲವೆಂದು ಕೇಳಿ, ಅವರ ಎದುರು ಎಲ್ಲವನ್ನೂ ಹೇಳಿಬಿಡಬೇಕೆಂದು ಹೋದೆ. ಬೆಳಗಿನ ಹೊತ್ತು. ಮುಂದಿನ ಜಗಲಿಯ ಬಿಸಿಲಿನಲ್ಲಿ ಆರಾಮ ಕುರ್ಚಿ ಹಾಕಿಕೊಂಡು ಕಣ್ಣು ಮುಚ್ಚಿ ಮಲಗಿದ್ದರು. ತುಂಬ ಇಳಿದಿದ್ದರು. ಅಕ್ಕ ನನ್ನನ್ನು ನೋಡಿ, ಎಷ್ಟು ದಿನವಾಯಿತೆಂದೂ ಕೇಳದೆ ಹೇಳಿದರು:

"ನೀನಾದರೂ ನೋಡು ಮಾರಾಯ. ಮೈ ಬಿಸಿ ಉಂಟು, ಡಾಕ್ಟ್ರನ್ನು ಕರೀತೇನೆ ಅಂದರೆ ಬಿಸಿಲಿಗೆ ಕೂತದ್ದಕ್ಕೆ ಬಿಸಿ ಅಂತಾರೆ ಇವರು."

ಹಣೆಯ ಮೇಲೆ ಅಂಗೈ ಇಟ್ಟೆ. ಚರ್ಮದ ಕೆಳಗಿನಿಂದ ಬರುವ ಬಿಸಿ. ತಿಳಿಯಲು ನನಗೆ ಎರಡು ನಿಮಿಷ ಬೇಕಾಗಲಿಲ್ಲ.

"ಬಿಸಿಲಿನದ್ದಲ್ಲ ಅಕ್ಕ" ಎಂದೆ. "ಒಳಗಿನದ್ದು. ಡಾಕ್ಟರನ್ನು ಕರೆಸಿ."

ಅಕ್ಕ ಮಗಳನ್ನು ಕೂಗುತ್ತಾ ಒಳಗೆ ಹೋದರು. ರಾಯರು ಕಣ್ಣು ತೆರೆಯದೆಯೇ ತುಟಿಯಲ್ಲಿ ನಕ್ಕರು. "ಗೊತ್ತಾಗ್ತದೆ ಹಾಗಾದ್ರೆ ನಿನಗೆ."

"ರಾಯರೇ, ಆ ದಿನ..."

ಅವರು ಕೈ ಎತ್ತಿ ತಡೆದರು. "ನನ್ನತ್ರ ಎಂತಕ್ಕೆ ಹೇಳ್ತಿ? ನನಗೆ ತಲೆ ಬಿಚ್ಚಿದ ದಿನವೇ ಗೊತ್ತು. ಶೀನನತ್ರ ಹೇಳು."

ಅದು ಅವರು ನನಗೆ ಆಡಿದ ಕೊನೆಯ ಮಾತು. ಡಾಕ್ಟರು ಬಂದರು, ಆಸ್ಪತ್ರೆಗೆ ಸೇರಿಸಿದರು. ಹತ್ತು ದಿನದಲ್ಲಿ ಹೋಗಿಬಿಟ್ಟರು.

ಅವರ ವೈಕುಂಠ ಸಮಾರಾಧನೆ ಮುಗಿದ ಮಾರನೆಯ ದಿನ ಎಗ್ಮೋರಿನ ಹೋಟೆಲಿಗೆ ಹೋದೆ. ನಾನು ಬಂದಿದ್ದೇನೆಂದು ತಿಳಿದು ಶೀನ ಭಟ್ಟರು ಟವೆಲಿನಲ್ಲಿ ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಮಾತಿಗಿಂತ ಉಸಿರೇ ಹೆಚ್ಚು ಕೇಳುತ್ತಿತ್ತು.

"ನೀವು ರಾಯರ ಮನೆ ಹುಡುಗ ಅಲ್ವಾ? ಕೂತ್ಕೊಳ್ಳಿ, ಕೂತ್ಕೊಳ್ಳಿ. ಎಂಥ ಮನುಷ್ಯರು ನೋಡಿ. ಒಂದು ಸಲ ಕೈ ತಪ್ಪಿದ್ದಕ್ಕೆ ನನ್ನಂಥವನ ಎದುರು ಕೈ ಮುಗಿದ್ರು. ಯಾರು ಮಾಡ್ತಾರೆ ಹಾಗೆ?"

ಈಗ ಹೇಳಬೇಕೆಂದು ಬಾಯಿ ತೆರೆದೆ. "ಇರಿ, ಈಗ ಬಂದೆ" ಎಂದು ಒಳಗೆ ಹೋದರು. ತಾವೇ ಹಾಕಿದ ತುಪ್ಪದ ದೋಸೆ ತಂದು ನನ್ನೆದುರು ಇಟ್ಟು, ತಿನ್ನುವ ತನಕ ಪಕ್ಕದಲ್ಲೇ ನಿಂತರು.

ತಿಂದೆ. ಚೆನ್ನಾಗಿದೆ ಎಂದೆ. ಕೈ ತೊಳೆದು ಬಂದುಬಿಟ್ಟೆ.

ಭಟ್ಟರು ಮರುವರ್ಷ ತೀರಿಕೊಂಡರು. ಹೇಳಬೇಕಾದವರು ಈಗ ಯಾರೂ ಇಲ್ಲದ್ದರಿಂದ, ಮದುವೆ ಮನೆಯ ಪಂಕ್ತಿಯಲ್ಲಿ ನನ್ನ ಪಕ್ಕ ಕುಳಿತಿದ್ದವರಿಗೆ, ಅವರ ಹಾಗೆ ಆ ಮಾತನ್ನು ಕೇಳಿರುವ ಎಲ್ಲರಿಗೆ ಹೇಳುತ್ತಿದ್ದೇನೆ. ರಾಯರ ಕೈ ತಪ್ಪಿರಲಿಲ್ಲ. ಆ ದ್ವಾದಶಿಯ ಬೆಳಗ್ಗೆ ಅವರ ಅಂಗೈ ಸರಿಯಾಗಿಯೇ ಹೇಳಿತ್ತು. ಅವರು ಅದನ್ನು ಬಿಟ್ಟು, ತಮ್ಮ ಮನೆಯಲ್ಲಿ ಉಂಡು ಬಂದ ನನ್ನ ಮಾತನ್ನು ನಂಬಿದರು.